ಕೂಗು ಕೆಳಗೆ, ಲೆಕ್ಕ ಮೇಲೆ

1972ರ ಅಕ್ಟೋಬರ್ 16ರಂದು ಅಮೆರಿಕದ ಅಲಾಸ್ಕ ರಾಜ್ಯದ ಆಂಕರೇಜ್ ನಗರದಿಂದ ಆ ರಾಜ್ಯದ ರಾಜಧಾನಿ ಜೂನೋಗೆ ಪುಟ್ಟ ವಿಮಾನವೊಂದು ಹೊರಟಿತು. ಅದರಲ್ಲಿ ಪೈಲಟ್ ಸೇರಿ ನಾಲ್ವರಿದ್ದರು. ಅವರಲ್ಲಿ ಇಬ್ಬರು ಅಮೆರಿಕದ ಸಂಸತ್ತಿನ ಸದಸ್ಯರು: ಕೆಳಮನೆಯ ಬಹುಮತ ಪಕ್ಷದ ನಾಯಕ ಹೇಲ್ ಬಾಗ್ಸ್ ಮತ್ತು ಅಲಾಸ್ಕದ ಪ್ರತಿನಿಧಿ ನಿಕ್ ಬೆಗಿಚ್. ವಿಮಾನ ಜೂನೋ ತಲುಪಲಿಲ್ಲ. ಸೇನೆಯ ವಿಮಾನಗಳು, ಹಡಗುಗಳು, ಖಾಸಗಿ ವಿಮಾನಗಳು 39 ದಿನ ಹಿಮದ ಬೆಟ್ಟಗಳನ್ನೂ ಕಡಲನ್ನೂ ಜಾಲಾಡಿದವು. ವಿಮಾನದ ಒಂದು ಚೂರೂ ಸಿಗಲಿಲ್ಲ. ಇಂದಿಗೂ ಸಿಕ್ಕಿಲ್ಲ.

ಜಗತ್ತಿನ ಅತ್ಯಂತ ಬಲಾಢ್ಯ ದೇಶ ತನ್ನ ಸಂಸತ್ತಿನ ಇಬ್ಬರು ಸದಸ್ಯರನ್ನು ಹುಡುಕಲಾರದೆ ಸೋತಿತೆಂದರೆ, ಊರು ಹೆಸರಿಲ್ಲದ ಬೆಸ್ತನೊಬ್ಬ ಕಡಲಿನಲ್ಲಿ ಕಾಣೆಯಾದಾಗ ಏನು ಗತಿ? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದವರು ಕೊನೆಗೆ ಆಕಾಶ ನೋಡಿದರು. ನೆಲದ ಮೇಲಿನ ಬಡಪಾಯಿ ಉಪಕರಣ ಮಾಡಲಾರದ ಕೆಲಸವನ್ನು ಉಪಗ್ರಹದ ಹೆಗಲಿಗೆ ಹೊರಿಸಿದರು. ಉಪಗ್ರಹಗಳಲ್ಲೇ ಗಣಕಯಂತ್ರಗಳನ್ನು ನಡೆಸುವ ಮಾತು ಇಂದು ದೊಡ್ಡದಾಗಿ ಕೇಳಿಬರುತ್ತಿದೆ. ಆದರೆ ಈ ಕತೆಗೆ ಅರ್ಧ ಶತಮಾನ ದಾಟಿದೆ. ಯಾವ ಕೆಲಸವನ್ನು ಮೇಲೆ ಕಳಿಸಬೇಕು, ಯಾವುದನ್ನು ಕೆಳಗೇ ಇಟ್ಟುಕೊಳ್ಳಬೇಕು ಎಂಬ ವಿವೇಕವೂ ಆ ಕತೆಯಲ್ಲೇ ಇದೆ.

ರೈಲಿನ ಸಿಳ್ಳೆ ಕಲಿಸಿದ ಪಾಠ

ನಿಲ್ದಾಣದಲ್ಲಿ ನಿಲ್ಲದೆ ಓಡುವ ರೈಲಿನ ಸಿಳ್ಳೆಯನ್ನು ಗಮನಿಸಿ. ಹತ್ತಿರ ಬರುವಾಗ ಅದರ ಶ್ರುತಿ ಏರಿರುತ್ತದೆ. ನಮ್ಮನ್ನು ದಾಟಿದ ಕೂಡಲೇ ಇಳಿದುಬಿಡುತ್ತದೆ. ರೈಲು ತನ್ನ ಸಿಳ್ಳೆಯನ್ನು ಬದಲಿಸಿರುವುದಿಲ್ಲ. ಅದರ ವೇಗದಿಂದ ನಮ್ಮ ಕಿವಿಗೆ ಹಾಗೆ ಕೇಳಿಸುತ್ತದೆ. ಇದೇ ಡಾಪ್ಲರ್ ಪರಿಣಾಮ. ಶ್ರುತಿ ಇಳಿಯುವ ಕ್ಷಣವೇ ರೈಲು ನಮಗೆ ತೀರ ಹತ್ತಿರವಿರುವ ಕ್ಷಣ. ಹಳಿಯ ಪಕ್ಕದಲ್ಲೇ ನಿಂತವನಿಗೆ ಶ್ರುತಿ ಥಟ್ಟನೆ ಇಳಿದಂತೆ ಕೇಳಿಸಿದರೆ, ದೂರದ ಗದ್ದೆಯಲ್ಲಿರುವವನಿಗೆ ನಿಧಾನವಾಗಿ ಜಾರಿದಂತೆ ಕೇಳಿಸುತ್ತದೆ. ಅಂದರೆ ಕಣ್ಣು ಮುಚ್ಚಿಕೊಂಡು, ಕಿವಿಯಿಂದಲೇ ಹಳಿಯ ದೂರವನ್ನು ಲೆಕ್ಕ ಹಾಕಬಹುದು.

1957ರ ಅಕ್ಟೋಬರಿನಲ್ಲಿ ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿದಾಗ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ವಿಲಿಯಂ ಗಯರ್ ಮತ್ತು ಜಾರ್ಜ್ ವೈಫನ್‌ಬಾಕ್ ಎಂಬ ಇಬ್ಬರು ತರುಣ ವಿಜ್ಞಾನಿಗಳು ಮಾಡಿದ್ದು ಇದನ್ನೇ. ಸ್ಪುಟ್ನಿಕ್ಕಿನ ‘ಬೀಪ್ ಬೀಪ್’ ಸದ್ದಿನ ಏರಿಳಿತವನ್ನು ಅಳೆದು ಅದರ ಕಕ್ಷೆಯನ್ನು ಕಂಡುಹಿಡಿದರು. ಮರುವರ್ಷ ಅವರ ಹಿರಿಯ ಅಧಿಕಾರಿ ಫ್ರಾಂಕ್ ಮೆಕ್ಲೂರ್ ಈ ಲೆಕ್ಕವನ್ನು ತಿರುವುಮುರುವು ಮಾಡಿದರು: ಉಪಗ್ರಹದ ಕಕ್ಷೆ ಮೊದಲೇ ಗೊತ್ತಿದ್ದರೆ, ಕೇಳುವವನು ತಾನೆಲ್ಲಿದ್ದೇನೆ ಎಂದು ತಿಳಿಯಬಹುದಲ್ಲ? ಅಮೆರಿಕದ ಜಲಾಂತರ್ಗಾಮಿಗಳಿಗೆ ದಾರಿ ತೋರಿದ ‘ಟ್ರಾನ್ಸಿಟ್’ ಉಪಗ್ರಹಗಳು ಹುಟ್ಟಿದ್ದು ಹೀಗೆ. ಆದರೆ ಅಲ್ಲಿ ಲೆಕ್ಕದ ಹೊರೆಯೆಲ್ಲ ಕೆಳಗಿನವನದು. ಜಲಾಂತರ್ಗಾಮಿಯಲ್ಲಿ ಗಣಕಯಂತ್ರಕ್ಕೆ ಜಾಗವಿತ್ತು, ವಿದ್ಯುತ್ತಿತ್ತು, ಬಲ್ಲವರೂ ಇದ್ದರು. ಇವಾವುವೂ ಇಲ್ಲದವರ ಪಾಡೇನು?

ಕಡವೆಯ ಕೊರಳಿನ ಹತ್ತು ಕಿಲೊ

1970ರಲ್ಲಿ ಅಮೆರಿಕದ ವಯೋಮಿಂಗ್ ರಾಜ್ಯದಲ್ಲಿ ‘ಮೊನೀಕ್’ ಎಂದು ಹೆಸರಿಟ್ಟಿದ್ದ ಎಲ್ಕ್ ಒಂದರ (ನಮ್ಮ ಕಡವೆಗಿಂತ ದೊಡ್ಡದಾದ ಜಿಂಕೆ ಜಾತಿ) ಕೊರಳಿಗೆ ರೇಡಿಯೊ ಪಟ್ಟಿಯೊಂದನ್ನು ಕಟ್ಟಲಾಯಿತು. ಉಪಗ್ರಹದ ಮೂಲಕ ಕಾಡುಪ್ರಾಣಿಯೊಂದರ ಜಾಡು ಹಿಡಿಯುವ ಮೊದಲ ಯತ್ನಗಳಲ್ಲಿ ಅದೊಂದು. 1969ರಲ್ಲಿ ಹಾರಿದ್ದ ನಿಂಬಸ್-3 ಉಪಗ್ರಹ ಮೇಲಿಂದ ಪ್ರಶ್ನೆ ಕೇಳುತ್ತಿತ್ತು. ಪಟ್ಟಿಯಲ್ಲಿದ್ದ ಯಂತ್ರ ಅದನ್ನು ಕೇಳಿಸಿಕೊಂಡು ಉತ್ತರಿಸುತ್ತಿತ್ತು. ಪ್ರಶ್ನೆ ಉತ್ತರಗಳ ನಡುವಿನ ಸಮಯದಿಂದ ದೂರ ಗೊತ್ತಾಗುತ್ತಿತ್ತು. ಹೀಗೆ ಕೇಳಿಸಿಕೊಳ್ಳುವ, ಅರ್ಥ ಮಾಡಿಕೊಳ್ಳುವ, ಉತ್ತರಿಸುವ ಕೆಲಸಗಳೆಲ್ಲ ಪ್ರಾಣಿಯ ಕೊರಳಿಗೇ ಬಿದ್ದಿದ್ದರಿಂದ ಆ ಪಟ್ಟಿಯ ತೂಕ ಸುಮಾರು 10 ಕಿಲೊ ಆಗಿತ್ತು.

1975ರಲ್ಲಿ ಹಾರಿದ ನಿಂಬಸ್-6 ಈ ಕ್ರಮವನ್ನು ಬದಲಿಸಿತು. ಕೆಳಗಿನ ಯಂತ್ರ ಇನ್ನು ಏನನ್ನೂ ಕೇಳಿಸಿಕೊಳ್ಳಬೇಕಿಲ್ಲ. ಆಗಾಗ ಒಂದು ಕೂಗು ಹಾಕಿದರೆ ಸಾಕು. ಆ ಕೂಗನ್ನು ಹಿಡಿದು, ಅದರ ಶ್ರುತಿ ಎಷ್ಟು ಏರಿದೆ ಇಳಿದಿದೆ ಎಂದು ಅಳೆದು, ಗಳಿಗೆ ಬರೆದಿಟ್ಟುಕೊಳ್ಳುವ ಕೆಲಸ ಉಪಗ್ರಹದ್ದು. ಕೆಳಗಿದ್ದ ಅರ್ಧ ಹೊರೆ ಹೀಗೆ ಮೇಲಕ್ಕೆ ಹೋಯಿತು. 1978ರಲ್ಲಿ ಜಪಾನಿನ ಸಾಹಸಿ ನವೊಮಿ ಉಎಮುರ ನಾಯಿಗಳ ಜಾರುಬಂಡಿಯಲ್ಲಿ ಒಂಟಿಯಾಗಿ ಉತ್ತರ ಧ್ರುವಕ್ಕೆ ಹೋದಾಗ ಅವರ ಜಾಡನ್ನು ಹಿಡಿದದ್ದು ಇದೇ ಉಪಗ್ರಹ. ಅದೇ ವರ್ಷ ಫ್ರಾನ್ಸ್ ಮತ್ತು ಅಮೆರಿಕ ಕೂಡಿ ಆರಂಭಿಸಿದ ‘ಆರ್ಗೋಸ್’ ವ್ಯವಸ್ಥೆ ಈ ಉಪಾಯವನ್ನೇ ಮುಂದುವರಿಸಿತು. 2013ರ ನವೆಂಬರಿನಲ್ಲಿ ನಾಗಾಲ್ಯಾಂಡಿನಲ್ಲಿ ಅಮುರ್ ಫಾಲ್ಕನ್ ಎಂಬ ವಲಸೆ ಚಾಣಗಳ ಬೆನ್ನಿಗೆ ಕಟ್ಟಿದ ಆರ್ಗೋಸ್ ಯಂತ್ರದ ತೂಕ ಬರೀ 5 ಗ್ರಾಂ. ಹತ್ತು ಕಿಲೊದಿಂದ ಐದು ಗ್ರಾಮಿಗೆ ಇಳಿದದ್ದರಲ್ಲಿ ಚಿಪ್ಪುಗಳ ಪಾಲು ದೊಡ್ಡದು, ನಿಜ. ಆದರೆ ‘ನೀನು ಬರೀ ಕೂಗು, ಮಿಕ್ಕಿದ್ದು ನಮಗಿರಲಿ’ ಎಂದು ಉಪಗ್ರಹ ಹೇಳದಿದ್ದರೆ ಹಕ್ಕಿಯ ಬೆನ್ನು ಅದನ್ನು ಹೊರುವಂತಿರಲಿಲ್ಲ.

ಶೀತಲ ಸಮರದ ನಡುವೆ ಒಂದು ಒಪ್ಪಂದ

ಅಲಾಸ್ಕದ ದುರಂತದ ಆಸುಪಾಸಿನಲ್ಲೇ ಅಮೆರಿಕದಲ್ಲಿ ಸಣ್ಣ ವಿಮಾನಗಳಿಗೆ ತುರ್ತು ಪ್ರೇಷಕ ಕಡ್ಡಾಯವಾಯಿತು. ವಿಮಾನ ನೆಲಕ್ಕಪ್ಪಳಿಸಿದರೆ ತಾನಾಗಿಯೇ ಎಚ್ಚೆತ್ತು 121.5 ಮೆಗಾಹರ್ಟ್ಸ್ ಕಂಪನಾಂಕದಲ್ಲಿ ಅರಚತೊಡಗುವ ಈ ಪೆಟ್ಟಿಗೆಗೆ ಬೀಕನ್ ಎಂದು ಹೆಸರು. ಆದರೆ ಆ ಅರಚಾಟ ಕೇಳಬೇಕಾದರೆ ಮೇಲೆ ಇನ್ನೊಂದು ವಿಮಾನ ಹಾದುಹೋಗಬೇಕು. ಯಾರೂ ಹಾರದ ಕಡೆ ಬಿದ್ದವನ ಬೀಕನ್ ಬ್ಯಾಟರಿ ಮುಗಿಯುವವರೆಗೆ ಕೂಗಿ ಸುಮ್ಮನಾಗುತ್ತಿತ್ತು.

ಉಪಗ್ರಹ ಇದನ್ನು ಕೇಳಬಲ್ಲದೇ ಎಂದು ಮೊದಲು ಪರೀಕ್ಷಿಸಿದವರಲ್ಲಿ ಕೆನಡಾದ ವಿಜ್ಞಾನಿಗಳು ಮುಖ್ಯರು. 1970ರ ದಶಕದ ನಡುವಿನಲ್ಲಿ ಅವರು ಬಳಸಿಕೊಂಡದ್ದು ಹವ್ಯಾಸಿ ರೇಡಿಯೊಗಾರರು ಕಟ್ಟಿದ್ದ ಆಸ್ಕರ್ ಉಪಗ್ರಹವನ್ನು. ಪ್ರಯೋಗ ಫಲಿಸಿತು. ಅಮೆರಿಕ, ಕೆನಡಾ, ಫ್ರಾನ್ಸ್ ಒಂದಾದವು. ಇದೇ ಹೊತ್ತಿಗೆ ಸೋವಿಯತ್ ಒಕ್ಕೂಟವೂ ತನ್ನ ಹಡಗುಗಳಿಗಾಗಿ ಇಂಥದೇ ಏರ್ಪಾಡಿಗೆ ತೊಡಗಿತ್ತು. 1979ರ ನವೆಂಬರಿನಲ್ಲಿ ಲೆನಿನ್‌ಗ್ರಾಡ್‌ನಲ್ಲಿ ನಾಲ್ಕು ದೇಶಗಳ ಸಂಸ್ಥೆಗಳು ಒಪ್ಪಂದಕ್ಕೆ ಸಹಿ ಹಾಕಿದವು. ಮುಂದಿನ ತಿಂಗಳೇ ಸೋವಿಯತ್ ಸೇನೆ ಅಫ್ಘಾನಿಸ್ತಾನ ಹೊಕ್ಕಿತು. 1980ರಲ್ಲಿ ಅಮೆರಿಕ ಮಾಸ್ಕೋ ಒಲಿಂಪಿಕ್ಸ್ ಬಹಿಷ್ಕರಿಸಿತು. ಆದರೂ ಈ ಒಪ್ಪಂದ ಮುರಿಯಲಿಲ್ಲ. ರಷ್ಯನ್ ಹೆಸರಿನ ‘ಕೊಸ್ಪಾಸ್’ ಮತ್ತು ಇಂಗ್ಲಿಷ್ ಹೆಸರಿನ ‘ಸಾರ್‌ಸ್ಯಾಟ್’ ಎರಡೂ ಸೇರಿ ‘ಕೊಸ್ಪಾಸ್-ಸಾರ್‌ಸ್ಯಾಟ್’ ಆಯಿತು.

1982ರ ಜೂನ್ 30ರಂದು ಸೋವಿಯತ್ ಒಕ್ಕೂಟ ಈ ಸಾಲಿನ ಮೊದಲ ಉಪಗ್ರಹವನ್ನು ಹಾರಿಸಿತು. ಅದೇ ಸೆಪ್ಟೆಂಬರಿನಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯ ಪ್ರಾಂತದ ಬೆಟ್ಟಗಾಡಿನಲ್ಲಿ ಪುಟ್ಟ ವಿಮಾನವೊಂದು ಬಿತ್ತು. ಸೋವಿಯತ್ ಉಪಗ್ರಹ ಆ ಬೀಕನ್‌ನ ಕೂಗು ಕೇಳಿ ಕೆನಡಾದ ಭೂಕೇಂದ್ರಕ್ಕೆ ದಾಟಿಸಿತು. ಮೂವರು ಜೀವಂತ ಸಿಕ್ಕಿದರು. ಈ ವ್ಯವಸ್ಥೆ ಉಳಿಸಿದ ಮೊದಲ ಜೀವಗಳು ಅವು. ಅಂದಿನಿಂದ ಇಂದಿನವರೆಗೆ ಅದರ ನೆರವಿನಿಂದ ಬದುಕಿದವರು 50 ಸಾವಿರಕ್ಕೂ ಹೆಚ್ಚು.

ಕನ್ನಡಿ ಮತ್ತು ಗುಮಾಸ್ತ

ಈ ವ್ಯವಸ್ಥೆಯಲ್ಲಿ ಎರಡು ಬಗೆಯ ಬೀಕನ್‌ಗಳಿದ್ದವು. ಅವುಗಳ ವ್ಯತ್ಯಾಸದಲ್ಲೇ ನಮ್ಮ ವಿಷಯದ ತಿರುಳಿದೆ.

ಹಳೆಯ 121.5 ಮೆಗಾಹರ್ಟ್ಸ್ ಬೀಕನ್‌ಗಳ ಮಟ್ಟಿಗೆ ಉಪಗ್ರಹ ಒಂದು ಕನ್ನಡಿಯಂತೆ. ಕೆಳಗಿಂದ ಬಂದ ಸದ್ದನ್ನು ಬೇರೊಂದು ಕಂಪನಾಂಕಕ್ಕೆ ಬದಲಿಸಿ ಆ ಕ್ಷಣವೇ ಕೆಳಕ್ಕೆ ಎಸೆಯುತ್ತಿತ್ತು. ಲೆಕ್ಕವೆಲ್ಲ ಭೂಕೇಂದ್ರದ ಗಣಕಯಂತ್ರದ್ದು. ಕನ್ನಡಿಗೆ ನೆನಪಿರುವುದಿಲ್ಲ. ಹಾಗಾಗಿ ಬೀಕನ್ ಮತ್ತು ಭೂಕೇಂದ್ರ ಎರಡೂ ಒಂದೇ ಸಲಕ್ಕೆ ಉಪಗ್ರಹದ ದೃಷ್ಟಿಗೆ ಬೀಳಬೇಕಿತ್ತು. ಭೂಮಿಯಿಂದ ಸುಮಾರು 850ರಿಂದ 1000 ಕಿ.ಮೀ. ಎತ್ತರದಲ್ಲಿ ಸುತ್ತುವ ಉಪಗ್ರಹಕ್ಕೆ ಒಮ್ಮೆಗೆ ಕಾಣುವುದು ಭೂಮಿಯ ಒಂದು ಸಣ್ಣ ತುಂಡು. ನಡುಗಡಲಿನಲ್ಲಿ ಮುಳುಗುತ್ತಿರುವವನ ಕೂಗನ್ನು ಉಪಗ್ರಹ ಕೇಳಿದರೂ, ಹೇಳಲು ಕೆಳಗೆ ಭೂಕೇಂದ್ರವಿಲ್ಲದಿದ್ದರೆ ಕೂಗು ಗಾಳಿಗೆ ಹೋದಂತೆ. ಭೂಕೇಂದ್ರ ಕಟ್ಟುವಷ್ಟು ಹಣವಿದ್ದ ದೇಶಗಳ ಸುತ್ತಮುತ್ತ ಆಪತ್ತಿಗೆ ಸಿಕ್ಕವನೇ ಅದೃಷ್ಟವಂತ.

ಹೊಸದಾಗಿ ರೂಪಿಸಿದ 406 ಮೆಗಾಹರ್ಟ್ಸ್ ಬೀಕನ್ ಸುಮಾರು 50 ಸೆಕೆಂಡಿಗೊಮ್ಮೆ ಅರ್ಧ ಸೆಕೆಂಡಿನ ಒಂದು ಚುಟುಕು ಸಂದೇಶ ಕಳಿಸುತ್ತಿತ್ತು. ಅದರಲ್ಲಿ ಬೀಕನ್‌ನ ಗುರುತಿನ ಸಂಖ್ಯೆಯೂ ಇರುತ್ತಿತ್ತು. ಇದನ್ನು ಕೇಳಲು ಉಪಗ್ರಹದಲ್ಲಿ ಫ್ರಾನ್ಸ್ ತಯಾರಿಸಿದ ಒಂದು ಸಂಸ್ಕರಣ ಯಂತ್ರವಿತ್ತು. ಅದು ಕನ್ನಡಿಯಲ್ಲ, ಗುಮಾಸ್ತ. ಸಂದೇಶವನ್ನು ಬಿಡಿಸಿ ಓದುವುದು, ಅದರ ಕಂಪನಾಂಕವನ್ನು ಅಳೆಯುವುದು, ಬಂದ ಗಳಿಗೆಯನ್ನು ನಮೂದಿಸುವುದು, ಇಷ್ಟನ್ನೂ ನೆನಪಿನಲ್ಲಿಟ್ಟುಕೊಂಡು ಮುಂದೆ ಯಾವ ಭೂಕೇಂದ್ರ ಸಿಕ್ಕಿದರೂ ಅದಕ್ಕೆ ಒಪ್ಪಿಸುವುದು ಅದರ ಕೆಲಸ. ಬೀಕನ್ ಎಲ್ಲಿದೆ ಎಂಬ ಕೊನೆಯ ಲೆಕ್ಕ ಮಾತ್ರ ಕೆಳಗೆ.

ಕೆಲಸ ನೋಡಿದರೆ ಚಿಕ್ಕದು, ಪರಿಣಾಮ ಚಿಕ್ಕದಲ್ಲ. ಅಳೆಯುವ ಮತ್ತು ನೆನಪಿಡುವ ಎರಡು ಕೆಲಸ ಮೇಲಕ್ಕೆ ಹೋದ ಕೂಡಲೇ ಇಡೀ ಭೂಮಂಡಲ ಒಂದೇ ಛತ್ರದ ಕೆಳಗೆ ಬಂತು. ಹಿಂದೂ ಮಹಾಸಾಗರದ ನಡುವೆ ಬಿದ್ದ ಕೂಗು ಯುರೋಪಿನ ಭೂಕೇಂದ್ರದಲ್ಲಿ ಇಳಿಯಬಹುದಿತ್ತು. ಹಳೆಯ ಬೀಕನ್ ಸುಮಾರು 20 ಕಿ.ಮೀ. ಆಚೀಚೆ ತೋರಿಸುತ್ತಿದ್ದರೆ ಹೊಸದು 5 ಕಿ.ಮೀ. ಒಳಗೆ ತೋರಿಸಿತು. ಕಡಲಿನಲ್ಲಿ ಹುಡುಕುವ ಹಡಗಿಗೆ ಈ ಅಂತರ ಎಷ್ಟೋ ಗಂಟೆಗಳದು, ತಣ್ಣೀರಿನಲ್ಲಿ ತೇಲುವವನಿಗೆ ಜೀವದ್ದು.

ಹೊಸ ಬೀಕನ್‌ನ ಗುರುತಿನ ಸಂಖ್ಯೆಯ ಬೆಲೆ ತಿಳಿಯಲು ಒಂದು ಪ್ರಸಂಗ ನೋಡಬೇಕು. 2004ರ ಅಕ್ಟೋಬರಿನಲ್ಲಿ ಅಮೆರಿಕದ ಒರೆಗಾನ್ ರಾಜ್ಯದ ಕಾರ್ವಾಲಿಸ್ ಪಟ್ಟಣದಿಂದ 121.5ರಲ್ಲಿ ಆಪತ್ತಿನ ಕೂಗು ಉಪಗ್ರಹಕ್ಕೆ ಕೇಳಿಸಿತು. ರಕ್ಷಣಾ ಪಡೆಯವರು ಜಾಡು ಹಿಡಿದು ಹೋಗಿ ಬಾಗಿಲು ತಟ್ಟಿದರೆ, ಅದು ಕಾಲೇಜು ವಿದ್ಯಾರ್ಥಿಯೊಬ್ಬನ ಮನೆ. ಕೂಗುತ್ತಿದ್ದುದು ಅವನ ಟೀವಿ! ಅದರೊಳಗಿನ ಯಾವುದೋ ದೋಷದಿಂದ ಸರಿಯಾಗಿ ಆ ಕಂಪನಾಂಕವೇ ಹೊಮ್ಮುತ್ತಿತ್ತು. ಹಳೆಯ ಬೀಕನ್‌ಗಳ ಹೆಸರಿನಲ್ಲಿ ಬರುತ್ತಿದ್ದ ಕರೆಗಳಲ್ಲಿ ಬಹುಪಾಲು ಹೀಗೆ ಸುಳ್ಳಾಗಿರುತ್ತಿದ್ದವು. ಕನ್ನಡಿಗೆ ಟೀವಿಯೂ ಒಂದೇ, ಮುಳುಗುವವನೂ ಒಂದೇ. 2009ರ ಫೆಬ್ರುವರಿ 1ರಿಂದ ಉಪಗ್ರಹಗಳು 121.5ಕ್ಕೆ ಕಿವಿಗೊಡುವುದನ್ನು ನಿಲ್ಲಿಸಿದವು.

ಬೆಂಗಳೂರಿಗೆ ಬಂದ ಕೂಗು

ನಮ್ಮ ದೇಶವೂ ಈ ಜಾಲದಲ್ಲಿ ಸೇರಿಕೊಂಡಿತು. ಬೆಂಗಳೂರು ಮತ್ತು ಲಖನೌಗಳಲ್ಲಿ ಭೂಕೇಂದ್ರಗಳು ಸ್ಥಾಪನೆಯಾದವು. ಬೆಂಗಳೂರಿನಲ್ಲಿರುವ ಇಸ್ರೊದ ಇಸ್ಟ್ರಾಕ್ ಕೇಂದ್ರದಲ್ಲಿ ಭಾರತದ ನಿಯಂತ್ರಣ ಕೇಂದ್ರ ತೆರೆಯಿತು. ನಮ್ಮ ಕಡಲ ಪ್ರದೇಶದ್ದಷ್ಟೇ ಅಲ್ಲ, ನೆರೆಯ ಕೆಲವು ದೇಶಗಳ ಆಪತ್ತಿನ ಕರೆಗಳನ್ನೂ ಅದು ಸಂಬಂಧಪಟ್ಟವರಿಗೆ ಮುಟ್ಟಿಸುತ್ತದೆ.

1992ರಲ್ಲಿ ಹಾರಿದ, ಇಸ್ರೊ ತಾನೇ ಕಟ್ಟಿದ ಇನ್ಸಾಟ್-2ಎ ಉಪಗ್ರಹದಲ್ಲಿ 406 ಮೆಗಾಹರ್ಟ್ಸ್ ಕೂಗನ್ನು ಕೇಳುವ ಉಪಕರಣವಿತ್ತು. 36 ಸಾವಿರ ಕಿ.ಮೀ. ಎತ್ತರದ ಭೂಸ್ಥಿರ ಉಪಗ್ರಹ ಅದು. ಕೆಳ ಕಕ್ಷೆಯ ಉಪಗ್ರಹ ತಲೆಯ ಮೇಲೆ ಬರುವವರೆಗೆ ಕಾಯಬೇಕಿತ್ತು; ಭೂಸ್ಥಿರ ಉಪಗ್ರಹ ಸದಾ ಮೇಲೇ ಇರುತ್ತದೆ, ಕೂಗಿದೊಡನೆ ಕೇಳಿಸಿಕೊಳ್ಳುತ್ತದೆ. ಆದರೆ ಅದು ನಮ್ಮ ಪಾಲಿಗೆ ನಿಂತೇ ಇರುವುದರಿಂದ ಸಿಳ್ಳೆಯ ಶ್ರುತಿ ಏರಿಳಿಯುವುದಿಲ್ಲ. ಯಾರು ಕೂಗಿದರು ಎಂದು ಗೊತ್ತಾಗುತ್ತದೆ, ಎಲ್ಲಿಂದ ಎಂದು ಗೊತ್ತಾಗುವುದಿಲ್ಲ.

ಈ ಕೊರತೆಯನ್ನು ತುಂಬಿದ್ದು ಕೆಳಗಿನ ಪೆಟ್ಟಿಗೆಯೇ. ಅಷ್ಟರಲ್ಲಿ ಜಿಪಿಎಸ್ ಚಿಪ್ಪು ಅಗ್ಗವಾಗಿತ್ತು. ಬೀಕನ್ ತಾನಿರುವ ಜಾಗವನ್ನು ತಾನೇ ಲೆಕ್ಕ ಹಾಕಿ ಸಂದೇಶದಲ್ಲಿ ಸೇರಿಸತೊಡಗಿತು. ನಮ್ಮ ಮೀನುಗಾರರಿಗಾಗಿ ಇಸ್ರೊ ರೂಪಿಸಿ 2010ರಿಂದ ಬಳಕೆಗೆ ತಂದ ‘ಡ್ಯಾಟ್’ ಎಂಬ ಆಪತ್ ಪ್ರೇಷಕ ಕೆಲಸ ಮಾಡುವುದು ಹೀಗೆಯೇ. ಬೋಟಿಗೆ ಬೆಂಕಿ ಬಿತ್ತೇ, ಮುಳುಗುತ್ತಿದೆಯೇ, ಕಾಯಿಲೆಯೇ ಎಂದು ತಿಳಿಸುವ ಗುಂಡಿ ಒತ್ತಿದರೆ, ಜಾಗದ ವಿವರದೊಂದಿಗೆ ಸಂದೇಶ ಉಪಗ್ರಹದ ಮೂಲಕ ನಿಯಂತ್ರಣ ಕೇಂದ್ರಕ್ಕೆ, ಅಲ್ಲಿಂದ ಕರಾವಳಿ ಕಾವಲು ಪಡೆಗೆ ಹೋಗುತ್ತದೆ.

ಕಡಲಿನಲ್ಲಿ ಹುಡುಕಾಟ ಎಂಥದೆಂದು ಕರ್ನಾಟಕ ಕರಾವಳಿಗೆ ಬೇರೆಯವರು ಹೇಳಬೇಕಿಲ್ಲ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟು ಏಳು ಮಂದಿ ಮೀನುಗಾರರೊಂದಿಗೆ ಕಾಣೆಯಾಯಿತು. ಮಹಾರಾಷ್ಟ್ರದ ಮಾಲ್ವಣದ ಬಳಿ ಸಮುದ್ರದ ತಳದಲ್ಲಿ ನೌಕಾಪಡೆಗೆ ಅದರ ಅವಶೇಷ ಕಂಡದ್ದು 2019ರ ಮೇ ತಿಂಗಳಲ್ಲಿ. ನಡುವಿನ ನಾಲ್ಕೂವರೆ ತಿಂಗಳು ಏಳು ಮನೆಗಳು ಬಾಗಿಲ ಕಡೆ ನೋಡುತ್ತ ಕೂತಿದ್ದವು. ಎಲ್ಲಿ ಎಂಬ ಒಂದು ಪ್ರಶ್ನೆಗೆ ಬೇಗ ಉತ್ತರ ಸಿಗುವುದಕ್ಕೂ ತಡವಾಗುವುದಕ್ಕೂ ಇರುವ ಅಂತರ ಇದು.

ಹೊರೆ ಮತ್ತೆ ಕೆಳಕ್ಕೆ

ಕತೆಗೆ ಇನ್ನೊಂದು ತಿರುವಿದೆ. 2016ರ ಕೊನೆಯಿಂದ ಈ ವ್ಯವಸ್ಥೆ ಹೊಸ ರೂಪದಲ್ಲಿ ಕೆಲಸ ಶುರುಮಾಡಿತು. ಅಮೆರಿಕದ ಜಿಪಿಎಸ್, ಯುರೋಪಿನ ಗೆಲಿಲಿಯೊ, ರಷ್ಯದ ಗ್ಲೊನಾಸ್ ಪಥದರ್ಶಕ ಉಪಗ್ರಹಗಳಲ್ಲಿ ಆಪತ್ತಿನ ಕೂಗು ಕೇಳುವ ಉಪಕರಣ ಕೂರಿಸಲಾಯಿತು. ಇವು ಸುತ್ತುವುದು ಸುಮಾರು 20 ಸಾವಿರ ಕಿ.ಮೀ. ಎತ್ತರದಲ್ಲಿ. ಆಶ್ಚರ್ಯವೆಂದರೆ ಈ ಉಪಕರಣ ಗುಮಾಸ್ತನಲ್ಲ. ಮತ್ತೆ ಹಳೆಯ ಕನ್ನಡಿ! ಕೇಳಿದ್ದನ್ನು ಹಾಗೆಯೇ ಕೆಳಗೆ ಕಳಿಸುತ್ತದೆ. ಅಳತೆ, ಲೆಕ್ಕ, ನೆನಪು ಎಲ್ಲ ಭೂಕೇಂದ್ರಕ್ಕೆ ಮರಳಿದವು.

ಇದು ಹಿನ್ನಡೆಯೇ? ಅಲ್ಲ. 1982ರಲ್ಲಿ ಇದ್ದವು ಬೆರಳೆಣಿಕೆಯ ಉಪಗ್ರಹಗಳು, ಅವೂ ತಗ್ಗಿನಲ್ಲಿ. ಭೂಕೇಂದ್ರ ಕಾಣದಿರುವುದೇ ಆಗಿನ ಕೊರತೆ. ಅದಕ್ಕೆ ಉಪಗ್ರಹ ನೆನಪಿಡುವುದನ್ನು ಕಲಿಯಬೇಕಾಯಿತು. ಈಗ ಎತ್ತರದಲ್ಲಿ ಹತ್ತಾರು ಉಪಗ್ರಹಗಳಿವೆ. ಭೂಮಿಯ ಯಾವ ಮೂಲೆಯಿಂದ ಕೂಗಿದರೂ ಹಲವು ಉಪಗ್ರಹಗಳಿಗೆ ಒಮ್ಮೆಗೇ ಕೇಳುತ್ತದೆ. ಅವೆಲ್ಲಕ್ಕೂ ಅದೇ ಹೊತ್ತಿಗೆ ಯಾವುದಾದರೂ ಭೂಕೇಂದ್ರ ಕಾಣುತ್ತದೆ. ಒಂದೇ ಕೂಗು ಬೇರೆಬೇರೆ ಉಪಗ್ರಹಗಳಿಗೆ ತಲುಪಿದ ಸಮಯದ ಸೂಕ್ಷ್ಮ ವ್ಯತ್ಯಾಸದಿಂದ ಭೂಕೇಂದ್ರದ ಗಣಕಯಂತ್ರ ಕೆಲವೇ ನಿಮಿಷಗಳಲ್ಲಿ ಜಾಗ ಹೇಳಿಬಿಡುತ್ತದೆ. ನೆಲದ ಗಣಕಯಂತ್ರ ಕೆಟ್ಟರೆ ರಿಪೇರಿ ಮಾಡಬಹುದು, ಹಳತಾದರೆ ಬದಲಿಸಬಹುದು. ಬಾಹ್ಯಾಕಾಶದ ವಿಕಿರಣದಲ್ಲಿ ಬೆಂದು ಕೆಟ್ಟ ಚಿಪ್ಪನ್ನು ಬದಲಿಸಲು ಯಾರು ಹೋಗುತ್ತಾರೆ?

ಅಂದರೆ ಲೆಕ್ಕ ಮೇಲಿರಬೇಕೋ ಕೆಳಗಿರಬೇಕೋ ಎಂಬುದು ಪ್ರತಿಷ್ಠೆಯ ಪ್ರಶ್ನೆಯಲ್ಲ. ಎಲ್ಲಿ ಕೊರತೆಯೋ ಅಲ್ಲಿಂದ ಹೊರೆ ಎತ್ತಬೇಕು, ಎಲ್ಲಿ ಅನುಕೂಲವೋ ಅಲ್ಲಿ ಇಳಿಸಬೇಕು. ಈ ಅಳತೆಗೋಲನ್ನು ಇಂದಿನ ಸುದ್ದಿಗಳಿಗೂ ಹಿಡಿದು ನೋಡಬಹುದು. 2020ರ ಸೆಪ್ಟೆಂಬರಿನಲ್ಲಿ ಯುರೋಪು ಹಾರಿಸಿದ ಫೈಸ್ಯಾಟ್-1 ಎಂಬ ಪುಟ್ಟ ಉಪಗ್ರಹ ತಾನು ತೆಗೆದ ಚಿತ್ರಗಳಲ್ಲಿ ಮೋಡ ಮುಚ್ಚಿದವನ್ನು ತಾನೇ ಗುರುತಿಸಿತು, ಕೆಲಸಕ್ಕೆ ಬಾರದ ಚಿತ್ರಗಳನ್ನು ಕೆಳಗೆ ಕಳಿಸದಿರಲಿ ಎಂದು. ಭೂಮಿಯ ಮೂರನೆಯ ಎರಡು ಭಾಗವನ್ನು ಯಾವಾಗಲೂ ಮೋಡ ಮುಚ್ಚಿರುತ್ತದೆ. ಉಪಗ್ರಹಕ್ಕೆ ಭೂಕೇಂದ್ರ ಕಾಣುವುದು ಕೆಲವೇ ನಿಮಿಷ. ಇಲ್ಲಿ ಕೊರತೆ ನಿಜವಾದದ್ದು, ಉಪಾಯವೂ ಸರಿಯಾದದ್ದು. 2025ರ ಮೇ ತಿಂಗಳಲ್ಲಿ ಚೀನ ಒಂದೇ ರಾಕೆಟ್ಟಿನಲ್ಲಿ 12 ಗಣನಾ ಉಪಗ್ರಹಗಳನ್ನು ಹಾರಿಸಿತು. ಅಂಥವು 2,800 ಆಗಬೇಕೆಂಬುದು ಅದರ ಯೋಜನೆ. ಸೂರ್ಯನ ಬೆಳಕು ಧಾರಾಳವಾಗಿದೆ ಎಂಬ ಕಾರಣಕ್ಕೆ ಭಾರಿ ಗಣಕ ಕೇಂದ್ರಗಳನ್ನೇ ಕಕ್ಷೆಗೆ ಒಯ್ಯುವ ಮಾತೂ ಇದೆ. ಅಲ್ಲಿ ಬಿಸಿಯನ್ನು ಹೊತ್ತೊಯ್ಯಲು ಗಾಳಿಯಿಲ್ಲ, ನೀರಿಲ್ಲ. ಇಂಥ ಯೋಜನೆಗಳ ಮುಂದೆ ಇಡಬೇಕಾದ ಪ್ರಶ್ನೆ ಒಂದೇ: ನೆಲದಲ್ಲಿ ಯಾವುದರ ಕೊರತೆಯಾಗಿದೆ?

ಎರಡನೆಯ ಪ್ರಶ್ನೆಯೊಂದಿದೆ, ಅದು ಇನ್ನೂ ಗಹನವಾದದ್ದು. ಮೋಡದ ಚಿತ್ರವನ್ನು ಬಿಸುಡುವ ಅಧಿಕಾರವನ್ನು ಉಪಗ್ರಹಕ್ಕೆ ಕೊಟ್ಟಾಗ, ಬಿಸುಟದ್ದರಲ್ಲಿ ಏನಿತ್ತೆಂದು ಕೆಳಗಿನವರಿಗೆ ಎಂದೂ ತಿಳಿಯುವುದಿಲ್ಲ. ಚಿತ್ರದ ಮಟ್ಟಿಗೆ ಅದು ಸಣ್ಣ ನಷ್ಟ. ಕೂಗಿನ ಮಟ್ಟಿಗೆ? ಕೊಸ್ಪಾಸ್-ಸಾರ್‌ಸ್ಯಾಟ್ ಕಟ್ಟಿದವರು ಉಪಗ್ರಹಕ್ಕೆ ಅಳೆಯುವುದನ್ನು ಕಲಿಸಿದರು, ನೆನಪಿಡುವುದನ್ನು ಕಲಿಸಿದರು. ಈ ಕೂಗು ನಿಜವೋ ಸುಳ್ಳೋ ಎಂದು ತೀರ್ಮಾನಿಸುವುದನ್ನು ಮಾತ್ರ ಕಲಿಸಲಿಲ್ಲ. ಆ ಕೆಲಸ ಕೆಳಗೇ ಉಳಿಯಿತು. 406ರ ಕೂಗು ಬಂದೊಡನೆ ಇಂದಿಗೂ ರಕ್ಷಣಾ ಕೇಂದ್ರದಲ್ಲಿ ಕೂತವರು ಬೀಕನ್‌ನ ಸಂಖ್ಯೆಯನ್ನು ನೋಂದಣಿ ಪುಸ್ತಕದಲ್ಲಿ ಹುಡುಕಿ ಅದರ ಒಡೆಯನ ಮನೆಗೆ ಫೋನ್ ಮಾಡುತ್ತಾರೆ. ಎಷ್ಟೋ ಸಲ, ಬೋಟು ತೊಳೆಯುವಾಗ ಕೈತಪ್ಪಿ ಗುಂಡಿ ಒತ್ತಿತೆಂದು ಉತ್ತರ ಬರುತ್ತದೆ. ಕೆಲವು ಸಲ ಮನೆಯವರು, ಅವರು ಕಡಲಿಗೆ ಹೋಗಿದ್ದಾರೆ ಎನ್ನುತ್ತಾರೆ. ಹಡಗು ಹೊರಡುತ್ತದೆ.

ಈಚೆಗೆ ಕೂಗಿಗೆ ಓಗೊಡುವುದೂ ಸಾಧ್ಯವಾಗಿದೆ. 2020ರ ಜನವರಿಯಿಂದ ಗೆಲಿಲಿಯೊ ಉಪಗ್ರಹಗಳ ಮೂಲಕ, ನಿಮ್ಮ ಕರೆ ತಲುಪಿದೆ ಎಂಬ ಮರುಸಂದೇಶ ಬೀಕನ್‌ಗೆ ಬರುತ್ತದೆ. ಇಸ್ರೊ 2024ರ ಆರಂಭದಲ್ಲಿ ಪ್ರಕಟಿಸಿದ ಎರಡನೆಯ ಪೀಳಿಗೆಯ ಡ್ಯಾಟ್‌ಗೂ ಈ ಶಕ್ತಿಯಿದೆ. ಮಗುಚಿದ ಬೋಟಿನ ಅಂಚು ಹಿಡಿದು ತೇಲುತ್ತಿರುವವನಿಗೆ ಲೆಕ್ಕ ಮೇಲೆ ನಡೆಯಿತೋ ಕೆಳಗೆ ನಡೆಯಿತೋ ಬೇಕಾಗಿಲ್ಲ. ಯಾರೋ ಕೇಳಿಸಿಕೊಂಡಿದ್ದಾರೆ, ಬರುತ್ತಿದ್ದಾರೆ ಎಂದು ತಿಳಿದರೆ ಇನ್ನೊಂದು ಗಂಟೆ ಕೈ ಬಿಡದೆ ಹಿಡಿದಿರುತ್ತಾನೆ.